ಬಿಳಿ ಗ್ಲೌಸಿನ ಅಂಕಲ್

ಇವತ್ತು ಓಕ್ ಬ್ರೂಕ್ ಮಾಲ್‌ನಲ್ಲಿ ಬಿಳಿ ಕಾಟನ್ ಗ್ಲೌಸ್ ಕಂಡು ಅಲ್ಲೇ ನಿಂತುಬಿಟ್ಟೆ.

ಚಿಕ್ಕಂದಿನಲ್ಲಿ ನಾವಿದ್ದ ಡೆಸ್ ಪ್ಲೇನ್ಸ್‌ನಲ್ಲಿ ನಮ್ಮ ಪಕ್ಕದ ಮನೆಗೆ, ಮಗಳ ಜೊತೆ ಇರಲು ಬಂದ ಜಪಾನಿನ ಅಂಕಲ್ ಒಬ್ಬರಿದ್ದರು. ಜಪಾನಿನಲ್ಲಿ ಟೀವಿ ಕಾರ್ಯಕ್ರಮ ನಡೆಸಿಕೊಡುತ್ತಿದ್ದರಂತೆ. ಎಲೆಕ್ಷನ್ ಗೆದ್ದು, ವರ್ಷ ತುಂಬುವ ಮೊದಲೇ ರಾಜೀನಾಮೆ ಕೊಟ್ಟರಂತೆ. ಆಮೇಲೆ ಟೀವಿಯವರೂ ಕರೆಯಲಿಲ್ಲವಂತೆ. ಅಲ್ಲಿ ಎಲೆಕ್ಷನ್‌ಗೆ ನಿಂತವರು ಪ್ರಚಾರಕ್ಕೆ ಹಾಕುವಂಥ ಬಿಳಿ ಗ್ಲೌಸ್ ತೊಟ್ಟು, ಸಂಜೆ ಡ್ರೈವ್‌ವೇಯಲ್ಲಿ ನಿಂತು ಹೋಗೋ ಬರೋ ಕಾರಿಗೆಲ್ಲ ಕೈ ಬೀಸುತ್ತಿದ್ದರು.

"ಪಾಪ, ಇಲ್ಲಿ ಯಾರು ಓಟು ಹಾಕ್ತಾರೆ ಇವರಿಗೆ?" ಅಂತ ಅಮ್ಮ ಕರ್ಟನ್ ಎಳೆಯುತ್ತಿದ್ದಳು.

ಒಂದು ಸಂಜೆ ಕೊನೆಗೂ ಒಂದು ಕಾರು ನಿಂತಿತು. ಅಂಕಲ್ ಟೈ ಸರಿಮಾಡಿಕೊಂಡು, ಸೊಂಟ ಬಗ್ಗಿಸಿ ನಮಸ್ಕರಿಸಿದರು. ಕಾರಿನವನು ಏರ್‌ಪೋರ್ಟಿಗೆ ದಾರಿ ಕೇಳಿದ. ಕೈ ಚಾಚಿ ತೋರಿಸಿದರು. ಕಾರು ಮರೆಯಾದ ಮೇಲೂ ಆ ಕೈ ಇಳಿಯಲಿಲ್ಲ. ಮಗಳೇ ಬಂದು ಇಳಿಸಿದಳು. ಮತ್ತೆಂದೂ ಅವರು ಹೊರಗೆ ಬರಲಿಲ್ಲ.

ಮಾಲ್‌ನಲ್ಲಿ ಆ ಗ್ಲೌಸ್ ಹಾಕಿ ನೋಡಿದೆ. ನನಗೇ ಹೇಳಿ ಮಾಡಿಸಿದ ಹಾಗೆ ಕೂತಿತು.