ಆಸ್ಪತ್ರೆಗೆ ಒಯ್ದ ಸೇವಂತಿಗೆ

ನಾನು ಒಂದೂವರೆ ವರ್ಷ ಚೀನಾದಲ್ಲಿದ್ದು ಬಂದೆ ಎಂದರೆ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ನಮ್ಮ ಕನ್ನಡದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಅಲ್ರೀ, ಊಟಕ್ಕೇನ್ ಮಾಡ್ತಿದ್ರಿ?" ಹುಬ್ಬಳ್ಳಿಯಿಂದ ಮಗಳ ಮನೆಗೆ ಬಂದಿದ್ದ ಪಕ್ಕದ ಅಪಾರ್ಟ್‌ಮೆಂಟಿನ ಅಜ್ಜಿಯಂತೂ ನನ್ನ ಕೈ ಹಿಡಿದುಕೊಂಡು, "ಹಾವು ಗೀವು ತಿನಿಸಿಲ್ಲ ಹೌದಿಲ್ಲೋ, ಖರೇ ಹೇಳವಾ" ಎಂದರು. ಅನ್ನ, ಸೊಪ್ಪು, ತೋಫು ತಿಂದು ಮೈ ತುಂಬಿಕೊಂಡೇ ಬಂದಿದ್ದೇನೆ. ಊಟದ ಕಥೆ ಅಷ್ಟೇ. ನನಗೆ ಹೇಳಬೇಕೆನಿಸುವುದು ಯಾರೂ ಕೇಳದ ಇನ್ನೊಂದು ವಿಷಯ.

ನನ್ನದು ಔಷಧ ಕಂಪನಿಯಲ್ಲಿ ದಾಖಲೆ ಪರೀಕ್ಷಿಸುವ ಕೆಲಸ. ಲ್ಯಾಬಿನವರು ಮಾಡದ್ದನ್ನು ಮಾಡಿದೆವೆಂದು ಬರೆದಿದ್ದರೆ ಹಿಡಿಯಬೇಕು. ಇಪ್ಪತ್ತು ವರ್ಷ ಸೇತುವೆ ದಾಟಿ ಫಾಸ್ಟರ್ ಸಿಟಿಗೆ ಹೋಗಿ ಬಂದು ಮಾಡಿದ್ದು ಇದನ್ನೇ. ಸುಳ್ಳು ಕಂಡರೆ ನನಗೆ ಆಗುವುದಿಲ್ಲ. ಮನೆಯಲ್ಲೂ ಅಷ್ಟೇ, ಗಂಡನಿಗೂ ಮಗಳಿಗೂ ಚೆನ್ನಾಗಿ ಗೊತ್ತು. ಶಾಂಘೈ ಹತ್ತಿರದ ಒಂದು ಊರಿನಲ್ಲಿ ಹೊಸ ಲ್ಯಾಬು ಶುರುವಾದಾಗ ಅಲ್ಲಿನವರಿಗೆ ಕೆಲಸ ಕಲಿಸಲು ನನ್ನನ್ನು ಕಳಿಸಿದರು. ಹತ್ತೂರಿನ ನೀರು ಕುಡಿದವಳು ನಾನು, ಮೈಸೂರು ಬಿಟ್ಟು ಅಮೆರಿಕಾದಲ್ಲಿ ಬೇರು ಬಿಟ್ಟವಳಿಗೆ ಇದೇನು ಮಹಾ ಎಂದುಕೊಂಡೇ ವಿಮಾನ ಹತ್ತಿದ್ದೆ.

ಜಂಬ ಒಂದು ವಾರವೂ ಉಳಿಯಲಿಲ್ಲ. ತರಕಾರಿಯವನಿಂದ ಹಿಡಿದು ಎಲ್ಲರೂ ದುಡ್ಡಿನ ಬದಲು ಫೋನು ತೋರಿಸು ಎನ್ನುತ್ತಾರೆ, ನನ್ನ ಫೋನಿಗೆ ಅಲ್ಲಿನ ಆ್ಯಪು ಒಗ್ಗುವುದಿಲ್ಲ. ಆಫೀಸಿನಲ್ಲಿ ಮಧ್ಯಾಹ್ನ ಊಟವಾದದ್ದೇ ದೀಪ ಆರಿಸಿ ಎಲ್ಲರೂ ಮೇಜಿನ ಮೇಲೆ ತಲೆಯಿಟ್ಟು ಮಲಗುತ್ತಾರೆ. ಗೊತ್ತಿಲ್ಲದೆ ಮೊದಲ ದಿನ ನಾನು ಫಟ್ಟನೆ ದೀಪ ಹಾಕಿದೆ. ಮೂವತ್ತು ತಲೆಗಳು ಒಟ್ಟಿಗೇ ಎದ್ದವು. ಪಕ್ಕದ ಮೇಜಿನ ಹೆಂಗಸು, ನನ್ನ ವಯಸ್ಸಿನವಳೇ, ಎದ್ದು ದೀಪ ಆರಿಸಿ ತನ್ನ ಪುಟ್ಟ ದಿಂಬನ್ನು ನನ್ನ ಮುಂದಿಟ್ಟು ಹೋದಳು.

ಆಮೇಲೆ ನನ್ನನ್ನು ಆ ಊರಿನಲ್ಲಿ ನೆಲೆ ನಿಲ್ಲಿಸಿದವಳು ಅವಳೇ. ಹೊರದೇಶದವರ ನಿಯಮದಂತೆ ಪೊಲೀಸ್ ಠಾಣೆಗೆ ಕರೆದೊಯ್ದು ವಿಳಾಸ ಬರೆಸಿದಳು, ಫೋನು ಸರಿ ಮಾಡಿಸಿದಳು, ಮಾಂಸ ಮೀನು ಮೊಟ್ಟೆ ಬೇಡ ಎಂದು ಅವರ ಲಿಪಿಯಲ್ಲಿ ಚೀಟಿ ಬರೆದುಕೊಟ್ಟಳು. ಅವಳಿಲ್ಲದಿದ್ದರೆ ನಾನು ಮೂರನೇ ವಾರಕ್ಕೇ ಗಂಟುಮೂಟೆ ಕಟ್ಟುತ್ತಿದ್ದೆ.

ಏಪ್ರಿಲ್ ಮೊದಲ ವಾರ ಅವಳ ತಾಯಿಯನ್ನು ಹೃದಯದ ಆಪರೇಷನ್ನಿಗೆಂದು ಆಸ್ಪತ್ರೆಗೆ ಸೇರಿಸಿದರು. ರೇಷ್ಮೆ ಮಿಲ್ಲಿನಲ್ಲಿ ದುಡಿದ ಎಂಬತ್ತರ ಹತ್ತಿರದ ಜೀವ. ಆಪರೇಷನ್ ಆಗದಿದ್ದರೆ ಹೆಚ್ಚು ತಿಂಗಳು ಬದುಕುವುದಿಲ್ಲ ಎಂದಿದ್ದರಂತೆ ಡಾಕ್ಟರು. ಮುದುಕಿಗೆ ಭಯ, ಬೇಡ ಬೇಡ ಎನ್ನುತ್ತಿದ್ದವರನ್ನು ಮಗಳು ಹೇಗೋ ಒಪ್ಪಿಸಿದ್ದಳು.

ಆಪರೇಷನ್ನಿನ ಹಿಂದಿನ ದಿನ ನೋಡಿಕೊಂಡು ಬರೋಣವೆಂದು ಹೊರಟೆ. ದಾರಿಯ ಹೂವಿನ ಅಂಗಡಿಯಲ್ಲಿ ಬಕೆಟ್ಟುಗಟ್ಟಲೆ ಹಳದಿ ಸೇವಂತಿಗೆ! ವರಮಹಾಲಕ್ಷ್ಮಿ ಹಬ್ಬಕ್ಕೆ ಫ್ರೀಮಾಂಟಿನಲ್ಲಿ ಒಂದು ಮೊಳ ಹೂವಿಗೆ ಕ್ಯೂ ನಿಂತು ಬಾಡಿದ್ದನ್ನು ತರುವವಳಿಗೆ ಕಣ್ಣು ತುಂಬಿ ಬಂತು. ದೇವರ ಹೂವು, ಇದಕ್ಕಿಂತ ಒಳ್ಳೆಯದು ಏನಿದೆ? ಯಾರಿಗೆ ಎಂದು ಅಂಗಡಿಯಾಕೆ ಕೇಳಿದಳು. "ಅಮ್ಮನಿಗೆ" ಎಂದು ಫೋನಿನಲ್ಲಿ ಅನುವಾದಿಸಿ ತೋರಿಸಿದೆ. ಅವಳ ಮುಖ ಸಣ್ಣಗಾಯಿತು. ನನ್ನ ಭುಜ ತಟ್ಟಿ, ಒಳ್ಳೊಳ್ಳೆಯ ಹೂವು ಆರಿಸಿ, ಬಿಳಿ ರಿಬ್ಬನ್ ಕಟ್ಟಿ ಕೊಟ್ಟಳು. ಎಂಥ ಅಂತಃಕರಣ ಎಂದುಕೊಂಡೆ.

ವಾರ್ಡಿನ ಬಾಗಿಲಲ್ಲಿ ನಾನು ನಗುತ್ತಾ ನಿಂತದ್ದೇ ಮಾತೆಲ್ಲ ನಿಂತುಹೋಯಿತು. ಗೆಳತಿ ಓಡಿ ಬಂದು ಹೂವು ಕಿತ್ತುಕೊಂಡು ನನ್ನನ್ನು ಹೊರಗೆ ಎಳೆದಳು.

"ಇದು ಸಮಾಧಿಗೆ ಇಡೋ ಹೂವು" ಎಂದಳು. "ಈ ವಾರ ಊರಿಗೆ ಊರೇ ಸತ್ತ ಹಿರಿಯರ ಸಮಾಧಿಗೆ ಹೋಗುತ್ತೆ. ಬದುಕಿರೋ ನಮ್ಮಮ್ಮನಿಗೆ ತಂದ್ಯಲ್ಲೇ."

ನಮ್ಮಲ್ಲಿ ಯಾರಾದರೂ ಚಟ್ಟದ ಬಿದಿರು ತಂದು ರೋಗಿಯ ಮಂಚಕ್ಕೆ ಒರಗಿಸಿದರೆ ಹೇಗಿರುತ್ತದೋ ಹಾಗೆ ಮಾಡಿದ್ದೆ. ಒಳಗಿನಿಂದ ಮುದುಕಿಯ ಕ್ಷೀಣ ದನಿ ಕೇಳಿಸಿತು. ಏನೆನ್ನುತ್ತಿದ್ದಾರೆ ಎಂದೆ. "ಆಪರೇಷನ್ ಬೇಡವಂತೆ. ಮನೆಗೆ ಕರ್ಕೊಂಡು ಹೋಗು ಅಂತಿದ್ದಾಳೆ."

ಓಡಿಹೋಗಬೇಕೆನಿಸಿತು. ಆದರೆ ತಪ್ಪು ಮಾಡಿದವರನ್ನು ಎದುರು ಕೂರಿಸಿ ಉತ್ತರ ಕೇಳಿಯೇ ಅನ್ನ ತಿಂದವಳು ನಾನು. ಒಳಗೆ ಹೋಗಿ ಮಂಚದ ಪಕ್ಕ ಕೂತೆ. ಫೋನಿನಲ್ಲಿ ಹುಡುಕಿ ನಮ್ಮಮ್ಮನ ಫೋಟೋ ತೆಗೆದೆ. ಹಬ್ಬದ ದಿನ, ಕಳಶದ ಮುಂದೆ, ರೇಷ್ಮೆ ಸೀರೆ ಉಟ್ಟು ತಲೆ ತುಂಬ ಹಳದಿ ಸೇವಂತಿಗೆ ಮುಡಿದು ನಗುತ್ತಿರುವ ಫೋಟೋ. ನಮ್ಮ ಊರಿನಲ್ಲಿ ಇದು ಲಕ್ಷ್ಮಿಗೆ ಏರಿಸುವ ಹೂವು, ಮುತ್ತೈದೆಯರು ಮುಡಿಯುವ ಹೂವು, ನಿಮಗೆ ಆಯಸ್ಸು ಬರಲಿ ಎಂದು ತಂದೆ ಎಂದೆ. ಗೆಳತಿ ಅಳುತ್ತಲೇ ಅನುವಾದಿಸಿದಳು.

ಮುದುಕಿ ಫೋಟೋವನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನತ್ತ ತಿರುಗಿ ಏನೋ ಕೇಳಿದರು. ಗೆಳತಿ ತಲೆ ತಗ್ಗಿಸಿ ಹೇಳಿದಳು: "ನಿಮ್ಮಲ್ಲಿ ಸತ್ತವರಿಗೆ ಯಾವ ಹೂವು ಹಾಕ್ತೀರಿ ಅಂತ ಕೇಳ್ತಿದ್ದಾಳೆ."

ನನ್ನ ಕಣ್ಣು ಮತ್ತೆ ಫೋಟೋದ ಕಡೆ ಹೋಯಿತು. ಆ ಫೋಟೋ ತೆಗೆದ ಮರುವರ್ಷವೇ ಅಮ್ಮ ಹೋದಳು. ಸ್ಯಾನ್ ಫ್ರಾನ್ಸಿಸ್ಕೋದಿಂದ ಹಾರಿ ಮೈಸೂರು ಮುಟ್ಟಿದಾಗ ನನಗೆ ಕಂಡದ್ದು ಮುಖವೊಂದು ಬಿಟ್ಟು ಮೈಯೆಲ್ಲ ಸೇವಂತಿಗೆ ಹಾರ. ಇದೇ ಹಳದಿ, ಇದೇ ವಾಸನೆ.

"ಗುಲಾಬಿ" ಎಂದೆ. "ಸತ್ತವರಿಗೆ ಗುಲಾಬಿ ಹಾಕ್ತೀವಿ."

ಮುದುಕಿ ಫೋನನ್ನು ನನ್ನ ಕೈಗೆ ವಾಪಸ್ಸು ಇಟ್ಟರು. ಮತ್ತೆ ಮಗಳಿಗೆ ಏನೋ ಹೇಳಿದರು. "ನಾಳೆ ಒಂದು ದಿನ ತಾನು ನಿಮ್ಮ ಊರಿನವಳಂತೆ" ಎಂದಳು ಗೆಳತಿ.

ಮರುದಿನ ಬೆಳಿಗ್ಗೆ ಆಪರೇಷನ್ ನಡೆಯಿತು. ಆಫೀಸಿನಲ್ಲಿ ಮುಂದೆ ದಾಖಲೆ ಹರಡಿಕೊಂಡು ನಾನು ಒಂದು ಸಾಲೂ ಓದಲಿಲ್ಲ. ಚಾಮುಂಡಿಗೆ ಹರಕೆ ಹೊತ್ತೆ. ವಿಜ್ಞಾನ ಓದಿದವಳು ನಾನು, ಶಕುನ ಎಂದರೆ ನಗುವವಳು. ಆ ದಿನ ನಗು ಬರಲಿಲ್ಲ. ಸಂಜೆ ಗೆಳತಿಯ ಸಂದೇಶ ಬಂತು: ಅಮ್ಮ ಕಣ್ಣು ಬಿಟ್ಟಿದ್ದಾಳೆ. ಎರಡು ವಾರಕ್ಕೆ ಮನೆಗೂ ಬಂದರು.

ನಾನು ಕ್ಯಾಲಿಫೋರ್ನಿಯಾಕ್ಕೆ ಹೊರಡುವ ಮುಂಚೆ ಅವರ ಮನೆಗೆ ಊಟಕ್ಕೆ ಕರೆದರು. ಅಡುಗೆಮನೆಯಲ್ಲಿ ಮುದುಕಿ ನನಗಾಗಿ ಸೊಪ್ಪು ತುಂಬಿದ ಕಡುಬು ಮಡಿಸುತ್ತಿದ್ದರು. ಮಗಳು ಅತ್ತ ಹೋದದ್ದೇ ನನ್ನ ಫೋನು ಕೊಡು ಎಂದು ಸನ್ನೆ ಮಾಡಿ, ಅದರೊಳಗೆ ಮಾತಾಡಿ ನನ್ನತ್ತ ಹಿಡಿದರು. ಅನುವಾದ ಓದಿದೆ.

"ಆವತ್ತು ನೀನು ಹೇಳಿದ್ದು ಸುಳ್ಳು. ನಿನ್ನ ಅಮ್ಮನಿಗೂ ಅದೇ ಹೂವು ಹಾಕಿದ್ದರು."

ನಾನು ಹೌದೆಂದು ತಲೆ ಆಡಿಸಿದೆ. ಗೊತ್ತಿದ್ದೂ ಯಾಕೆ ಒಪ್ಪಿದಿರಿ ಎಂದು ಫೋನಿಗೆ ಹೇಳಿದೆ.

"ನಿನಗೆ ಸುಳ್ಳು ಹೇಳಲು ಬರುವುದಿಲ್ಲ, ನಾನು ಕೇಳಿದಾಗ ನೀನು ಅಮ್ಮನ ಫೋಟೋ ನೋಡಿದ್ದರಲ್ಲೇ ತಿಳಿಯಿತು. ಆದರೂ ನನಗಾಗಿ ಹೇಳಿದೆ. ನಾನು ಆಪರೇಷನ್ ಬಿಟ್ಟು ಮನೆಗೆ ಹೋಗಿ ಸತ್ತಿದ್ದರೆ, ನಿನ್ನಿಂದಲೇ ಆಯಿತೆಂದು ನೀನು ಬದುಕೆಲ್ಲ ಕೊರಗುತ್ತಿದ್ದೆ. ನಿನಗೆ ಆ ಗತಿ ಬೇಡ ಎಂದುಕೊಂಡೇ ಆಪರೇಷನ್ನಿಗೆ ಒಳಗೆ ಹೋದೆ." ಮತ್ತೊಮ್ಮೆ ಫೋನಿನಲ್ಲಿ ಮಾತಾಡಿ ತೋರಿಸಿದರು. "ನೀನು ಹೋಗುವ ಹೊತ್ತಿಗೆ ಅಮ್ಮನಿಗೆ ಜೀವ ಇತ್ತಾ?"

ಇಲ್ಲವೆಂದು ತಲೆ ಆಡಿಸಿದೆ. ಮೈಸೂರಿನಲ್ಲಿ ನಾನು ಅತ್ತಿರಲಿಲ್ಲ. ಬಂದವರನ್ನು ಮಾತಾಡಿಸುವುದು, ಹದಿಮೂರು ದಿನದ ಕಾರ್ಯ, ವಾಪಸ್ಸು ಬರುವ ಟಿಕೆಟ್ಟು, ಅಷ್ಟರಲ್ಲೇ ಎಲ್ಲ ಮುಗಿದಿತ್ತು. ಆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಮುದುಕಿ ಹಿಟ್ಟಿನ ಕೈಯಲ್ಲೇ ನನ್ನ ತಲೆಯನ್ನು ಎದೆಗೆ ಒತ್ತಿಕೊಂಡರು. ಆಪರೇಷನ್ನಿನ ಗಾಯದ ಹಿಂದೆ ಅವರ ಹೃದಯ ಬಡಿಯುವುದು ನನ್ನ ಕಿವಿಗೆ ಸ್ಪಷ್ಟವಾಗಿ ಕೇಳುತ್ತಿತ್ತು.