ಅಕ್ಕ ಕಂಡ ವಿಮಾನದ ನೆರಳು

ನಾನು ಚಿಕ್ಕವಳಿದ್ದಾಗ ನಮಗೆ ಗೊತ್ತಿದ್ದ ವೇಗವೆಂದರೆ ಹದ್ದಿನದು. ನಾವು ಕುರಿ ಕಾಯುವವರು. ಎಳೆಯ ಮರಿಗಳನ್ನು ಹದ್ದು ಎತ್ತಿಕೊಂಡು ಹೋಗುತ್ತಿತ್ತು. ಅದಕ್ಕೇ ಅಪ್ಪ ನನಗೂ ಅಕ್ಕನಿಗೂ ಒಂದು ಪಾಠ ಕಲಿಸಿದ್ದ: ಮೇಲೆ ನೋಡುತ್ತ ಕೂರಬೇಡಿ, ನೆಲ ನೋಡಿ. ನೆಲದ ಮೇಲೆ ನೆರಳು ಓಡಿತೋ, ಮರಿಗಳ ಮೇಲೆ ಕಂಬಳಿ ಎಸೆದು ಅದರ ಅಂಚಿನ ಮೇಲೆ ಕುಳಿತುಬಿಡಿ. ದೊಡ್ಡ ಕುರಿಗಳ ಚಿಂತೆ ಬೇಡ, ಹದ್ದು ಅವನ್ನೇನೂ ಮಾಡುವುದಿಲ್ಲ.

ಆ ವರ್ಷ ಅಪ್ಪ ತನ್ನ ಕೋಲನ್ನು ಅಕ್ಕನ ಕೈಗೆ ಕೊಟ್ಟಿದ್ದ. ನಮ್ಮಲ್ಲಿ ಕೋಲು ಹಿಡಿದವರೇ ಹಿಂಡಿಗೆ ಯಜಮಾನರು. ಹೆಣ್ಣುಮಗಳ ಕೈಗೆ ಕೋಲು ಬಂದದ್ದು ನಮ್ಮ ಮನೆಯಲ್ಲಿ ಅದೇ ಮೊದಲು. ಅಕ್ಕನಿಗೆ ಎಷ್ಟು ಹೆಮ್ಮೆಯೆಂದರೆ ಮಲಗುವಾಗಲೂ ಅದನ್ನು ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದಳು.

ಜೋಳದ ಕೊಯ್ಲು ಮುಗಿದಿತ್ತು. ಅರಕೇರಾ ಹತ್ತಿರದ ಒಂದು ಹೊಲದಲ್ಲಿ, ಗೊಬ್ಬರಕ್ಕೆಂದು ಹೊಲದವರು ನಮ್ಮ ಹಿಂಡನ್ನು ನಿಲ್ಲಿಸಿದ್ದರು. ಅಪ್ಪ ಕಂಬಳಿ ಮಾರಲು ದೇವದುರ್ಗದ ಸಂತೆಗೆ ಹೋಗಿದ್ದ. ಕರಿಮಣ್ಣು ಕಾದು ಬಿರುಕು ಬಿಟ್ಟಿತ್ತು. ಜಾಲಿಗಿಡದ ಕೆಳಗೆ ಕುಳಿತು ನಾವು ಗುರೆಳ್ಳು ಚಟ್ನಿ ಹಚ್ಚಿದ ರೊಟ್ಟಿ ತಿನ್ನುತ್ತಿದ್ದೆವು. ಕೈಗೆಲ್ಲ ಹಾಲು ಕುಡಿದ ಮರಿಗಳ ವಾಸನೆ.

ಒಂದು ನೆರಳು ಹೊಲದ ಮೇಲೆ ಹರಿದು ಬಂತು. ಅಕ್ಕ ಅಪ್ಪ ಹೇಳಿದ ಹಾಗೆಯೇ ಮಾಡಿದಳು. ಕಂಬಳಿ ಎಸೆದಳು, ನನ್ನನ್ನೂ ಎಳೆದುಕೊಂಡು ಅಂಚಿನ ಮೇಲೆ ಕುಳಿತಳು. ಆಮೇಲೆ ಸದ್ದು ಬಂತು ನೋಡಿ, ನನ್ನ ಹಲ್ಲುಗಳೇ ನಡುಗಿದವು. ವಿಮಾನ! ಗಿಡದ ತುದಿಗೆ ತಾಗುವಷ್ಟು ಕೆಳಗೆ ಬಂದು, ನಾವು ತಲೆ ಎತ್ತುವಷ್ಟರಲ್ಲಿ ಮಾನ್ವಿಯ ಕಡೆಗೆ ಹೋಗಿಯೇ ಬಿಟ್ಟಿತ್ತು. ಅದು ಯುದ್ಧದ ಕಾಲ. ಯಾರ ವಿಮಾನವೋ, ಅವರಿಗೇನು ಅವಸರವೋ, ನಮಗೆ ಹೇಳುವವರು ಯಾರು?

ದೊಡ್ಡ ಕುರಿಗಳು ದಿಕ್ಕೆಟ್ಟು ಓಡಿ ಹಳ್ಳದ ಕೊರಕಲಿಗೆ ಒಂದರ ಮೇಲೊಂದು ಬಿದ್ದವು. ಕೆಲವು ಅಲ್ಲೇ ಸತ್ತವು. ಅಕ್ಕ ಕೈಯಾರೆ ಸಾಕಿದ ಬಿಳಿಕಿವಿಯ ಕುರಿಯೂ ಅದರಲ್ಲಿತ್ತು.

ಸಂಜೆ ಅಪ್ಪ ಬಂದ. ಹಳ್ಳ ನೋಡಿದವನೇ ಕೂಗಾಡಿದ.

"ಕುರಿ ಹಿಂದ ಓಡೂದ್ ಬಿಟ್ಟು ಕಂಬಳಿ ಮ್ಯಾಲ ಕುಂತಿದ್ದೇನ್ ಬೇ?"

"ನೀನ ಹೇಳಿದ್ದಿಯಲ್ಲಾ ಯಪ್ಪಾ, ನೆರಳು ಬಂದ್ರ ಮೊದ್ಲ ಮರಿ ಮುಚ್ಚು ಅಂತ," ಎಂದಳು ಅಕ್ಕ.

ಅಪ್ಪ ಅಕ್ಕನ ಕೈಯಿಂದ ಕೋಲು ಕಿತ್ತುಕೊಂಡು ದೊಡ್ಡಪ್ಪನ ಮಗನಿಗೆ ಕೊಟ್ಟ. ಆ ಪುಣ್ಯಾತ್ಮ ಗಿಡದ ನೆರಳು ಕಂಡರೆ ಸಾಕು, ನಿದ್ದೆ ಹೊಡೆಯುವವನು!

ಇಷ್ಟಕ್ಕೇ ಮುಗಿದಿದ್ದರೆ ನನ್ನ ಸಿಟ್ಟು ಎಂದೋ ಆರುತ್ತಿತ್ತು. ಊರ ಗಂಡಸರು ಸಮಾಧಾನ ಹೇಳಲು ಬಂದರು, ಆದರೆ ಬಂದು ಕುಳಿತವರು ಕುರಿಯ ಮಾತೇ ಎತ್ತಲಿಲ್ಲ. ವಿಮಾನದ ವೇಗದ ಮೇಲೆ ಅವರವರಲ್ಲೇ ಪೈಪೋಟಿ. "ರಾಯಚೂರಾಗ ಬೀಡಿ ಹಚ್ಚಿದ್ರ ಮಾನ್ವಿ ಬಂದ್ರೂ ಬೀಡಿ ಮುಗಿದಿರಂಗಿಲ್ಲ ನೋಡ್ರಿ," ಎಂದ ಒಬ್ಬ. ಅಪ್ಪನೂ ಕಣ್ಣರಳಿಸಿ ಹೇಳಿದ: "ನಾನೂ ದಾರ್ಯಾಗ ನೋಡಿದ್ನಿ. ಬಾಯಿ ತಕ್ಕೊಂಡು ನಿಂತಬಿಟ್ಟೆ. ಹದ್ದು ಯಾವ ಲೆಕ್ಕ ಬಿಡ್ರಿ!"

ಅಕ್ಕ ಎದ್ದು ಬಂದಳು. "ನೀನೂ ನಿಂತಿದ್ದಿ. ನಾ ಕುಂತಿದ್ದಕ್ಕ ಕೋಲು ಯಾಕ ಕಸಗೊಂಡಿ?"

ಮತ್ತೆ ವಿಮಾನದ ಮಾತೇ ಶುರುವಾಯಿತು. ಕಂಬಳಿ ಕೆಳಗಿದ್ದ ಮರಿಗಳು ಒಂದೂ ಸತ್ತಿರಲಿಲ್ಲ. ಅದನ್ನು ಒಬ್ಬರೂ ಹೇಳಲಿಲ್ಲ, ಅಪ್ಪನೂ ಹೇಳಲಿಲ್ಲ. ತಾಯಿ ಕಳೆದುಕೊಂಡ ಮರಿಗಳು ರಾತ್ರಿಯೆಲ್ಲ ಅರಚುತ್ತಿದ್ದವು. ಅಕ್ಕ ಬೇರೆ ಕುರಿಗಳ ಕೆಚ್ಚಲಿಗೆ ಅವನ್ನು ಹಚ್ಚಿ ಹಚ್ಚಿ ಬದುಕಿಸಿದಳು. ಕೋಲು ಮಾತ್ರ ಅವಳ ಕೈಗೆ ತಿರುಗಿ ಬರಲಿಲ್ಲ. ಮದುವೆಯಾಗಿ ಮಟಮಾರಿಗೆ ಹೋಗುವ ತನಕ ಮನೆಯಲ್ಲಿ ಕುಳಿತು ಉಣ್ಣೆ ನೂತಳು.

ಈಗ ರಾಯಚೂರಿನ ಈ ಮನೆಯಲ್ಲಿ ನೀವು ಮೊಮ್ಮಕ್ಕಳು ಮೊಬೈಲ್ ಹಿಡಿದು ಓಡಿ ಬರುತ್ತೀರಿ. "ಅಜ್ಜೀ, ಈ ಹೆಲಿಕಾಪ್ಟರ್ ತಾಸಿಗೆ ನಾನೂರು ಕಿಲೋಮೀಟರ್ ಹೋಗ್ಯಾದ, ಜಗತ್ತಿನ ದಾಖಲೆ ಅದ!" ಆಗಲಿ, ಸಂತೋಷ. ನಿಮ್ಮ ಕಾಲದಲ್ಲಿ ಎಲ್ಲದರ ವೇಗವನ್ನೂ ಅಳೆದು ಬರೆದಿಡುತ್ತಾರೆ. ಕೆಳಗೆ ಯಾರಿದ್ದರು ಎಂದು ಮಾತ್ರ ಈಗಲೂ ಯಾರೂ ಬರೆಯುವುದಿಲ್ಲ.

ಮೊನ್ನೆ ಚುನಾವಣೆಯ ಹೆಲಿಕಾಪ್ಟರ್ ನಮ್ಮ ಮಾಳಿಗೆಯ ಮೇಲೆಯೇ ಹೋಯಿತಲ್ಲ, ನೀವೆಲ್ಲ ಮೇಲೆ ನೋಡಿ ಕೈ ಬೀಸಿದಿರಿ. ನಾನು ನೆಲ ನೋಡಿದೆ. ನೆರಳು ಬಂತು. ತೊಡೆಯ ಮೇಲಿದ್ದ ಕೂಸನ್ನು ಸೆರಗಿನಿಂದ ಮುಚ್ಚಿ, ಅಂಚನ್ನು ಬಿಗಿಯಾಗಿ ಹಿಡಿದು ಕುಳಿತೆ. ಅಜ್ಜಿ ಹೆಲಿಕಾಪ್ಟರಿಗೆ ಹೆದರಿದಳೆಂದು ನೀವು ಬಿದ್ದು ಬಿದ್ದು ನಕ್ಕಿರಿ. ಇನ್ನೊಮ್ಮೆ ನಕ್ಕು ನೋಡಿ, ಹೇಳುತ್ತೇನೆ! ನಾನು ಹೆದರಿ ಮುಚ್ಚಿದ್ದಲ್ಲ. ಅಕ್ಕ ಮಾಡಿದ್ದು ಸರಿಯಾಗಿತ್ತು.