ಚಿಕ್ಕಮ್ಮನ ಸೈಕಲ್ಲಿನ ಪುಟ್ಟ ಸೀಟು

ನಮ್ಮ ಸುಕನ್ಯ ಚಿಕ್ಕಮ್ಮ ಪುಲಿಕೇಶಿನಗರದ ಒಂದು ಶಾಲೆಯಲ್ಲಿ ಪೀಟಿ ಟೀಚರ್. ರೇಷ್ಮೆ ಸೀರೆ ಉಟ್ಟಾಗಲೂ ಅವರ ಕೊರಳಲ್ಲಿ ವಿಷಲ್ ಇರುತ್ತದೆ, ಮನೆಯಲ್ಲಿ ಯಾರಾದರೂ ಜಗಳಕ್ಕೆ ನಿಂತರೆ ಊದಿಯೂ ಬಿಡುತ್ತಾರೆ. ಭಾನುವಾರ ಬಂತೆಂದರೆ ದಪ್ಪ ಟೈರಿನ ಮೌಂಟನ್ ಬೈಕ್, ಅದರ ಹ್ಯಾಂಡಲ್ ಹಿಂದೆ ಒಂದು ಪುಟ್ಟ ಸೀಟು, ಆ ಸೀಟಿನಲ್ಲಿ ಮೂರೂವರೆ ವರ್ಷದ ಮಗಳು ಭವ್ಯ! ಅಮ್ಮನ ತೋಳುಗಳ ನಡುವೆ ಕೂತು, ತಾನೂ ಹ್ಯಾಂಡಲ್ ಹಿಡಿದು, ಸೈಕಲ್ ಮರದ ಬೇರಿನ ಮೇಲೆ ಹಾರಿದಾಗಲೆಲ್ಲ "ಇನ್ನೊಂದ್ಸಲ!" ಎಂದು ಕಿರುಚುವ ಅವಳನ್ನು ನೀವು ನೋಡಬೇಕು. ಹೆಲ್ಮೆಟ್ಟಿನೊಳಗೆ ಬರೀ ಹಲ್ಲುಗಳೇ ಕಾಣುತ್ತವೆ.

ಅಜ್ಜಿಗೆ ಮಾತ್ರ ಇದು ಸುತರಾಂ ಹಿಡಿಸದು. ನಮ್ಮಜ್ಜಿ ಅಕ್ಕಯಮ್ಮ ಎಂದರೆ ಬಾಣಸವಾಡಿ ಮನೆಯ ಹೈಕಮಾಂಡ್. ಚಿಕ್ಕಮ್ಮ ಶಾಲೆಗೆ ಹೋದಾಗ ಭವ್ಯಳನ್ನು ನೋಡಿಕೊಳ್ಳುವವರೂ ಅವರೇ, ಹಾಗಾಗಿ ಮಾತು ಮೀರುವಂತಿಲ್ಲ. ದಸರೆಗೆ ಹೇಳಿಯೇಬಿಟ್ಟರು: "ಈ ಸಲ ನಾನೇ ಬಂದು ನೋಡ್ತೀನಿ ಕಣೇ. ನಂಗೆ ಸರಿ ಅನ್ನಿಸ್ಲಿಲ್ವಾ, ಆ ಸೀಟು ಬಿಚ್ಚಿ ಅಟ್ಟಕ್ಕೆ ಹಾಕು."

"ನೋಡಮ್ಮ. ನೋಡಿದ್ಮೇಲೆ ನೀನೇ ಕೂತ್ಕೋತೀನಿ ಅಂತೀಯ."

"ನನ್ ತೂಕ ನಿನ್ ಸೈಕಲ್ ತಡ್ಕೊಳ್ಳಲ್ಲ, ಸುಮ್ನಿರು!"

ಆಯುಧಪೂಜೆಯ ಮರುದಿನ, ಹೂವಿನ ಹಾರವನ್ನೂ ತೆಗೆಯದ ಸೈಕಲ್ಲನ್ನು ಪಿಕಪ್ಪಿಗೆ ಏರಿಸಿಕೊಂಡು ಹೊಸಕೋಟೆ ಕಡೆಯ ನಮ್ಮ ನೀಲಗಿರಿ ತೋಪಿಗೆ ಹೋದೆವು. ಅಜ್ಜಿ ದಿಣ್ಣೆಯ ಕೆಳಗೆ, ಸೈಕಲ್ ಬರುವ ದಾರಿಯಲ್ಲೇ, ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತರು. ಚಿಕ್ಕಮ್ಮ ಭವ್ಯಳನ್ನು ಸೀಟಿನಲ್ಲಿ ಕೂರಿಸಿ, ಸೈಕಲ್ ತಳ್ಳಿಕೊಂಡು ಮೇಲೆ ಹತ್ತಿದರು. ಹಿಂದೆ ನಾನು, ಫೋನಿನಲ್ಲಿ ವಿಡಿಯೋ ಆನ್ ಮಾಡಿಕೊಂಡು.

ಇಳಿಜಾರಿಗೆ ಮೊದಲು ಚಿಕ್ಕಮ್ಮನದೊಂದು ಪದ್ಧತಿ ಇದೆ. ಕಾಲು ನೆಲಕ್ಕೆ ಊರಿ, ಎರಡೂ ಬ್ರೇಕ್ ಒತ್ತಿ, ಸೈಕಲ್ಲನ್ನು ಮುಂದಕ್ಕೆ ನೂಕಿ ನೋಡುತ್ತಾರೆ. ಚಕ್ರ ಕದಲದಿದ್ದರೆ "ಊದು" ಎನ್ನುತ್ತಾರೆ, ಭವ್ಯ ವಿಷಲ್ ಊದುತ್ತಾಳೆ, ಆಮೇಲೆಯೇ ಹೊರಡುವುದು.

ಅಂದು ಚಕ್ರ ಕದಲಿತು. ಇನ್ನೂ ಬಿಗಿಯಾಗಿ ಒತ್ತಿದರು. ಬ್ರೇಕೇ ಇಲ್ಲವೇನೋ ಎಂಬಂತೆ ಸಲೀಸಾಗಿ ಉರುಳಿತು.

"ಚಿಕ್ಕಮ್ಮ, ನಿಧಾನಕ್ಕೆ ಹೋದ್ರೆ ಆಗಲ್ವಾ? ಅಜ್ಜಿ ನೋಡ್ತಿದ್ದಾರೆ, ಇವತ್ತು ಹೋಗ್ಲಿಲ್ಲ ಅಂದ್ರೆ ಸೀಟ್ ಔಟ್!"

"ಔಟಾದ್ರೆ ಆಗ್ಲಿ. ಭವ್ಯ, ಇಳಿ ಕಂದ."

"ನಾನು ಊದ್ಬೇಕೂ!" ಎಂದು ಭವ್ಯ ಇಡೀ ತೋಪಿಗೆ ಕೇಳುವಂತೆ ಅಳುತ್ತಾ, ನಾವಿಬ್ಬರೂ ಆಚೆ ಈಚೆ ಸೈಕಲ್ ಹಿಡಿದು, ಮೂವರೂ ನಡೆದೇ ಇಳಿದೆವು.

"ಏನೇ, ಹೆದ್ರುಕೊಂಡ್ಯಾ?" ಅಜ್ಜಿಯ ಮುಖದಲ್ಲಿ ಗೆಲುವು.

"ಬ್ರೇಕ್ ಹಿಡೀತಿಲ್ಲಮ್ಮ."

"ಯಾಕ್ ಹಿಡಿಯಲ್ಲ? ನಿನ್ನೆ ಪೂಜೆಗೆ ಅಂತ ನಾನೇ ಒರ್ಸಿ ಕೊಬ್ಬರಿ ಎಣ್ಣೆ ಹಚ್ಚಿದೀನಿ!"

"ಎಣ್ಣೆನಾ? ಎಲ್ಲಿಗೆ?"

ಅಜ್ಜಿ ಚಕ್ರದ ನಡುವಿನ ಫಳಫಳ ಹೊಳೆಯುವ ತಟ್ಟೆ ತೋರಿಸಿದರು. "ಇದ್ಕೇ. ಎರಡೂ ಚಕ್ರದ್ದಕ್ಕೂ. ಮಚ್ಚು ಕುಡುಗೋಲಿಗೆ ಹಚ್ಚಲ್ವಾ, ಹಂಗೇ."

ಡಿಸ್ಕ್ ಬ್ರೇಕ್! ಬ್ರೇಕ್ ಕಚ್ಚಿ ಹಿಡಿಯಬೇಕಾದ ತಟ್ಟೆಗೇ ಕೊಬ್ಬರಿ ಎಣ್ಣೆ! ಚಿಕ್ಕಮ್ಮನೂ ನಾನೂ ನಕ್ಕು ನಕ್ಕು ನೆಲದ ಮೇಲೆ ಕೂತುಬಿಟ್ಟೆವು. ವಿಷಯ ತಿಳಿದ ಅಜ್ಜಿ ನಗಲಿಲ್ಲ. ಭವ್ಯಳನ್ನು ತೊಡೆಯ ಮೇಲೆ ಎಳೆದುಕೊಂಡು ಕೇಳಿದರು, "ನೀನು ಹಂಗೇ ಬಂದುಬಿಟ್ಟಿದ್ರೆ?"

"ಬರ್ತಿರ್ಲಿಲ್ಲ. ಬ್ರೇಕ್ ಹಿಡಿದ್ರೇನೇ ಇವಳು ಊದೋದು, ಇವಳು ಊದದೆ ನಾನು ಯಾವತ್ತೂ ಹೊರಡಲ್ಲಮ್ಮ."

ಅಜ್ಜಿ ದಿಣ್ಣೆಯ ತುದಿಯನ್ನು ನೋಡಿದರು, ಮಗಳನ್ನು ನೋಡಿದರು. "ನಾನು ನೋಡ್ತಾ ಕೂತಿದ್ರೂ ನಡ್ಕೊಂಡ್ ಬಂದ್ಯಲ್ಲ," ಎಂದರು. ಸೀಟಿನ ಮಾತು ಎತ್ತಲೇ ಇಲ್ಲ.

ಮುಂದಿನ ಭಾನುವಾರದೊಳಗೆ ಶಿವಾಜಿನಗರದ ಮೆಕ್ಯಾನಿಕ್ ಜಾಫರ್ ಬ್ರೇಕ್ ಪ್ಯಾಡ್ ಬದಲಿಸಿ, ಡಿಸ್ಕ್ ಉಜ್ಜಿ ಕೊಟ್ಟರು. ಮತ್ತೆ ಅದೇ ತೋಪು, ಅದೇ ಕುರ್ಚಿ, ಈ ಸಲ ಅದರ ಪಕ್ಕದಲ್ಲಿ ನಾನು. ಮೇಲಿಂದ ವಿಷಲ್ ಕೇಳಿಸಿತು ನೋಡಿ, ಅಜ್ಜಿ ಎದ್ದು ಕುರ್ಚಿಯನ್ನು ತಾವೇ ಪಕ್ಕಕ್ಕೆ ಎಳೆದುಕೊಂಡರು.

"ದಾರಿ ಬಿಡೇ, ಯಾಕ್ ಅಡ್ಡ ನಿಂತಿದೀಯ?" ಎಂದು ನನಗೇ ಗದರಿದರು. "ನನ್ ಮೊಮ್ಮಗಳು ಬರ್ತಾವ್ಳೆ!"